ಪಕ್ಕದ ಮನೆಯ ಗನ್ ಮತ್ತು ನಮ್ಮ ದಾಕ್ಷಿಣ್ಯ

(ಪೋಷಕರ ಸಭೆಯೊಂದರಲ್ಲಿ ಆಡಿದ ಮಾತನ್ನು ಆಮೇಲೆ ಕೂತು ಬರೆದದ್ದು. ಎರಡೆರಡು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ. ಕೊನೆಯಲ್ಲಿ ಸಭೆಯವರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ನನ್ನ ಮಗನಿಗೆ ಆಗ ಆರು ವರ್ಷ. ಒಂದು ಸಂಜೆ ಪಕ್ಕದ ಮನೆಯಲ್ಲಿ ಆಡಿ ಬಂದವನು ಚಪ್ಪಲಿ ಬಿಡುತ್ತಾ "ಅಂಕಲ್ ಹತ್ರ ನಿಜವಾದ ಗನ್ ಇದೆ" ಎಂದ. ನಾನು ಏನೋ ಕೆಲಸದಲ್ಲಿದ್ದೆ. ಆಟದ ಸಾಮಾನಿರಬೇಕು ಅಂದುಕೊಂಡು "ಹೌದಾ" ಎಂದೆ. ಅವನು ಅಷ್ಟಕ್ಕೇ ಬಿಡಲಿಲ್ಲ. "ಬೀರುವಿನ ಮೇಲಿನ ಅರೆಯಲ್ಲಿದೆ, ಹೊದಿಕೆ ಕೆಳಗೆ. ತುಂಬಾ ಭಾರ" ಎಂದ.

ಆಗ ನನ್ನ ಕೈ ನಿಂತಿತು. ಭಾರ ಗೊತ್ತಾಗಬೇಕಾದರೆ ಎತ್ತಿರಬೇಕು, ಅಲ್ವಾ?

ತೋರಿಸಿದ್ದು ಅವರ ಮಗಳು. ಅವಳಿಗೆ ಐದು. ಕುರ್ಚಿ ಎಳೆದು ತಂದು, ಅದರ ಮೇಲೆ ಒಂದು ಪೆಟ್ಟಿಗೆ ಇಟ್ಟು ಹತ್ತಿದ್ದಳಂತೆ. "ಅಪ್ಪಂಗೆ ಹೇಳ್ಬೇಡ" ಎಂದು ಆಣೆ ಬೇರೆ ಹಾಕಿಸಿಕೊಂಡಿದ್ದಳು. ನನ್ನ ಮಗ ಅಂಕಲ್‌ಗೆ ಹೇಳಲಿಲ್ಲ, ನನಗೆ ಹೇಳಿದ. ಆಣೆ ಮುರಿದಂತಾಗಲಿಲ್ಲ ಎಂಬುದು ಅವನ ಲೆಕ್ಕ.

ಅವತ್ತಿನಿಂದ ಹನ್ನೊಂದು ದಿನ ನಾನು ಏನೂ ಮಾಡಲಿಲ್ಲ. ಏನೂ ಇಲ್ಲ ಎಂದರೆ ಪೂರ್ತಿ ನಿಜವಲ್ಲ, ನೆಪ ಹುಡುಕಿದೆ. ಅವನಿಗೆ ನೆಗಡಿ. ಹೋಂವರ್ಕ್ ಬಾಕಿ ಇದೆ. ಇವತ್ತು ನೆಂಟರು ಬರುತ್ತಾರೆ. ಆ ಹುಡುಗಿ ಗೇಟಿನ ಹತ್ತಿರ ನಿಂತು ಕರೆಯುತ್ತಿದ್ದಳು, ನಾನು ಸುಳ್ಳು ಹೇಳಿ ಕಳಿಸುತ್ತಿದ್ದೆ. ನನ್ನ ಮಗನನ್ನು ಕಾಪಾಡಿಕೊಂಡೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವಳು ಮಾತ್ರ ಅದೇ ಮನೆಗೆ, ಅದೇ ಬೀರು ಇರುವ ಕೋಣೆಗೆ ವಾಪಸ್ ಹೋಗುತ್ತಿದ್ದಳು. ಇಷ್ಟು ಸರಳ ವಿಷಯ ತಲೆಗೆ ಹೊಳೆಯಲು ನನಗೆ ಹನ್ನೊಂದು ದಿನ ಹಿಡಿಯಿತು.

ಆ ಮನೆಯವರು ಒಳ್ಳೆಯ ಜನ. ನಮಗೆ ಕಷ್ಟ ಬಂದಾಗ ರಾತ್ರಿ ಹೊತ್ತಿನಲ್ಲಿ ಬಾಗಿಲು ತಟ್ಟಿದ್ದೇವೆ, ಅವರು ತೆರೆದಿದ್ದಾರೆ. ಅಂಥವರ ಮುಂದೆ ಹೋಗಿ ಈ ಮಾತು ಎತ್ತುವುದು ಹೇಗೆ? ನಮ್ಮ ಭಾಷೆಯಲ್ಲಿ ಇದಕ್ಕೊಂದು ಪದ ಇದೆ, ದಾಕ್ಷಿಣ್ಯ. ನಾಯಿ ಇದೆಯಾ, ಕಚ್ಚುತ್ತಾ ಎಂದು ಗೇಟಿನಲ್ಲೇ ನಿಂತು ಕೂಗಿ ಕೇಳುತ್ತೇವೆ. ಬಾವಿಗೆ ಮುಚ್ಚಳ ಇದೆಯಾ ಎಂದು ಕೇಳುತ್ತೇವೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಗನ್ ವಿಷಯಕ್ಕೆ ಬಂದರೆ ಮಾತ್ರ ನಾಲಿಗೆ ಕಟ್ಟುತ್ತದೆ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂದು ಹಿರಿಯರು ಸುಮ್ನೆ ಹೇಳಿಲ್ಲ.

ಹನ್ನೆರಡನೇ ದಿನ ಹೋದೆ. ಹೋಗಿ ಕೆಲಸ ಕೆಡಿಸಿಕೊಂಡು ಬಂದೆ. ನಾನು ಕೇಳಿದ್ದು ಹೀಗೆ: "ಮಕ್ಕಳಿರೋ ಮನೆಯಲ್ಲಿ ನೀವು ಗನ್ ಯಾಕೆ ಇಟ್ಕೊಂಡಿದ್ದೀರಿ?" ಅವರ ಮುಖ ಬಿಗಿಯಾಯಿತು. "ಅದು ನಮ್ಮ ಮನೆ ವಿಷಯ. ಎಲ್ಲಾ ಸರಿಯಾಗೇ ಇಟ್ಟಿದೀನಿ. ನನ್ನ ಮೇಲೆ ನಂಬಿಕೆ ಇಲ್ವಾ?" ಎಂದರು. ನನ್ನ ಬಾಯಲ್ಲಿ ಉತ್ತರ ಇರಲಿಲ್ಲ. ವಾಪಸ್ ಬಂದೆ.

ನನಗೆ ಗನ್ ಕಂಡರೆ ಆಗುವುದಿಲ್ಲ. ಅದು ನನ್ನ ಸ್ವಭಾವ. ಆದರೆ ಗನ್ ಇರಬೇಕೋ ಬೇಡವೋ ಎಂಬುದು ಒಂದು ಜಗಳ, ಇರುವ ಗನ್ ಮಗುವಿನ ಕೈಗೆ ಸಿಗಬಾರದು ಎಂಬುದು ಬೇರೆ ಮಾತು. ನಾನು ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಿದ್ದೆ. ಮೊದಲನೆಯದನ್ನು ನೂರು ವರ್ಷ ವಾದ ಮಾಡಬಹುದು. ಎರಡನೆಯದರ ಬಗ್ಗೆ ಗನ್ ಇಟ್ಟುಕೊಂಡವರೂ ನಾವೂ ಒಂದೇ ಕಡೆ ಇದ್ದೇವೆ. ಇದು ಗೊತ್ತಾಗಿದ್ದರೆ ಅವತ್ತೇ ಕೆಲಸ ಮುಗಿಯುತ್ತಿತ್ತು.

ಸೋತು ಬಂದ ಮೇಲೆ ಓದಲು ಕೂತೆ. ನಾನು ಡಾಕ್ಟರ್ ಅಲ್ಲ, ಪೊಲೀಸ್ ಅಲ್ಲ. ಓದಿ ತಿಳಿದದ್ದನ್ನು ಹೇಳುತ್ತೇನೆ. ಈ ಬಗ್ಗೆ ಹೆಚ್ಚಿನ ಅಧ್ಯಯನ ಅಮೆರಿಕದ್ದು. ಅಲ್ಲಿ ಮನೆಗಳಲ್ಲಿ ಗನ್ ಜಾಸ್ತಿ, ಸಾವೂ ಜಾಸ್ತಿ, ಹಾಗಾಗಿ ಲೆಕ್ಕ ಬರೆದಿಟ್ಟವರೂ ಜಾಸ್ತಿ. 2020ರಿಂದ ಅಲ್ಲಿ 1ರಿಂದ 19 ವರ್ಷದವರ ಸಾವಿಗೆ ಮೊದಲ ಕಾರಣ ಗನ್. ಅಲ್ಲಿಯವರೆಗೆ ಮೊದಲ ಸ್ಥಾನದಲ್ಲಿದ್ದದ್ದು ವಾಹನ ಅಪಘಾತ. ದೇಶ ಅವರದು, ಆದರೆ ಮಕ್ಕಳ ಕುತೂಹಲಕ್ಕೆ ದೇಶ ಇಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು 2001ರಲ್ಲಿ ಬಂದ ಒಂದು ಅಧ್ಯಯನ. 8ರಿಂದ 12 ವರ್ಷದ 64 ಹುಡುಗರನ್ನು ಎರಡು ಮೂರು ಜನರ 29 ಗುಂಪು ಮಾಡಿ ಒಂದು ಕೋಣೆಯಲ್ಲಿ ಬಿಟ್ಟರು. ಒಂದು ಡ್ರಾಯರ್‌ನಲ್ಲಿ ನೀರು ಹಾರಿಸುವ ಆಟದ ಪಿಸ್ತೂಲುಗಳು. ಇನ್ನೊಂದರಲ್ಲಿ ನಿಜವಾದ ಪಿಸ್ತೂಲು, ಗುಂಡು ಇಲ್ಲದ್ದು. ಆ ಕಡೆಯಿಂದ ಮಾತ್ರ ಕಾಣುವ ಕನ್ನಡಿಯ ಹಿಂದೆ ಸಂಶೋಧಕರು ನಿಂತಿದ್ದರು. 21 ಗುಂಪುಗಳಿಗೆ ನಿಜವಾದ ಪಿಸ್ತೂಲು ಸಿಕ್ಕಿತು. 16 ಗುಂಪುಗಳು ಅದನ್ನು ಕೈಗೆತ್ತಿಕೊಂಡವು. 10 ಗುಂಪುಗಳಲ್ಲಿ ಯಾರಾದರೊಬ್ಬ ಟ್ರಿಗರ್ ಎಳೆದ. ಪಿಸ್ತೂಲು ಕಂಡ ಹುಡುಗರಲ್ಲಿ ಸುಮಾರು ಅರ್ಧ ಜನ ಅದು ಆಟದ್ದು ಅಂದುಕೊಂಡಿದ್ದರು, ಅಥವಾ ನಿಜವಾದದ್ದೋ ಅಲ್ಲವೋ ಎಂಬ ಅನುಮಾನದಲ್ಲಿದ್ದರು.

ಇನ್ನೂ ಎರಡು ಸಂಗತಿ ಇವೆ. "ನನ್ನ ಮಗನಿಗೆ ಗನ್ ಅಂದ್ರೆ ಆಸಕ್ತಿನೇ ಇಲ್ಲ" ಎಂದು ಅಪ್ಪ ಅಮ್ಮ ಹೇಳಿದ್ದ ಹುಡುಗರೂ ಉಳಿದವರಷ್ಟೇ ಮುಟ್ಟಿದರು, ಅಷ್ಟೇ ಟ್ರಿಗರ್ ಎಳೆದರು. ಮತ್ತೆ, ಮುಟ್ಟಿದವರಲ್ಲಿ, ಎಳೆದವರಲ್ಲಿ 90%ಗಿಂತ ಹೆಚ್ಚು ಮಂದಿಗೆ ಗನ್ ಬಗ್ಗೆ ಎಚ್ಚರಿಕೆಯ ಪಾಠ ಯಾರಾದರೂ ಹೇಳಿಕೊಟ್ಟಿದ್ದರು.

ಇನ್ನೊಂದು 2006ರದ್ದು, ಅಲಬಾಮ ರಾಜ್ಯದ್ದು. ಗನ್ ಇರುವ ಮನೆಯ ತಂದೆತಾಯಿಯನ್ನೂ ಮಕ್ಕಳನ್ನೂ ಬೇರೆ ಬೇರೆಯಾಗಿ ಕೇಳಿದರು. "ಗನ್ ಎಲ್ಲಿದೆ ಎಂದು ನಮ್ಮ ಮಗುವಿಗೆ ಗೊತ್ತಿಲ್ಲ" ಎಂದವರಲ್ಲಿ 39% ಜನರ ಮಕ್ಕಳು "ಗೊತ್ತು" ಎಂದರು. "ನಮ್ಮ ಮಗು ಗನ್ ಯಾವತ್ತೂ ಮುಟ್ಟಿಲ್ಲ" ಎಂದವರಲ್ಲಿ 22% ಜನರ ಮಕ್ಕಳು "ಮುಟ್ಟಿದ್ದೇವೆ" ಎಂದರು. ಇದನ್ನು ಓದಿದಾಗ ಪಕ್ಕದ ಮನೆಯವರ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು. "ಸರಿಯಾಗೇ ಇಟ್ಟಿದೀನಿ" ಎಂದದ್ದು ಸುಳ್ಳಲ್ಲ. ಅವರು ಹಾಗೇ ನಂಬಿದ್ದರು.

ಅಡಗಿಸಿಡುವುದು ಬೇರೆ, ಬೀಗ ಹಾಕುವುದು ಬೇರೆ. ಅಡಗಿಸಿಟ್ಟದ್ದನ್ನು ಹುಡುಕುವುದು ಮಕ್ಕಳ ಆಟವೇ. ಹಬ್ಬಕ್ಕೆ ತಂದಿಟ್ಟ ಉಡುಗೊರೆ ಯಾವ ಬಟ್ಟೆಯ ಹಿಂದೆ ಇದೆ ಎಂದು ನಮಗೆ ಚಿಕ್ಕಂದಿನಲ್ಲಿ ಗೊತ್ತಿರಲಿಲ್ವಾ? ಇಡೀ ದಿನ ಮನೆಯಲ್ಲಿ ಓಡಾಡುವವರು ಅವರು. ನಮಗಿಂತ ಗಿಡ್ಡ, ಹಾಗಾಗಿ ನಮಗೆ ಕಾಣದ ಕಡೆಯಿಂದ ನೋಡುತ್ತಾರೆ. ಎತ್ತರಕ್ಕೆ ಕುರ್ಚಿ ಇದೆ.

"ಅಷ್ಟು ಚಿಕ್ಕ ಕೈಗೆ ಟ್ರಿಗರ್ ಎಳೆಯೋಕೆ ಆಗುತ್ತಾ?" ಎಂದು ನಾನೂ ಅಂದುಕೊಂಡಿದ್ದೆ. ಆಗುತ್ತೆ. 1995ರಲ್ಲಿ ಪ್ರಕಟವಾದ ಅಧ್ಯಯನವೊಂದು ಮಕ್ಕಳ ಬೆರಳಿನ ಬಲವನ್ನೇ ಅಳೆದು ನೋಡಿತ್ತು. 3–4 ವರ್ಷದವರಲ್ಲಿ 25%, 5–6 ವರ್ಷದವರಲ್ಲಿ 70%, 7–8 ವರ್ಷದವರಲ್ಲಿ 90% ಮಕ್ಕಳಿಗೆ ಮಾರುಕಟ್ಟೆಯಲ್ಲಿದ್ದ ಬಹುಪಾಲು ಕೈಬಂದೂಕುಗಳ ಟ್ರಿಗರ್ ಎಳೆಯುವಷ್ಟು ಬಲ ಇತ್ತು. ಪುಟ್ಟ ಮಕ್ಕಳು ದೊಡ್ಡವರಂತೆ ಹಿಡಿಯುವುದೂ ಇಲ್ಲ. ತಿರುಗಿಸಿ ಹಿಡಿದು ಎರಡು ಹೆಬ್ಬೆರಳಿನಲ್ಲಿ ಒತ್ತಬಹುದು. ಆಗ ನಳಿಗೆ ಯಾರ ಕಡೆ ಇರುತ್ತದೆ ಎಂದು ನೀವೇ ಊಹಿಸಿ.

(ಇಲ್ಲಿ ಸಭೆಯಲ್ಲಿ ಯಾರೋ "ಸಾಕು" ಎಂದರು. ನನಗೂ ಸಾಕು ಅನ್ನಿಸಿತ್ತು. ಆದರೂ ಮುಂದುವರಿಸಿದೆ.)

ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2023ರ ಕೊನೆಗೆ ಒಂದು ವರದಿ ತಂದಿತು. 2003ರಿಂದ 2021ರವರೆಗೆ ಅವರ ದಾಖಲೆಗೆ ಬಂದ, 17 ವರ್ಷದವರೆಗಿನ ಮಕ್ಕಳ ಸಾವುಗಳ ವಿವರ ಅದರಲ್ಲಿದೆ. ಎಲ್ಲವೂ ಆಕಸ್ಮಿಕವಾಗಿ ಹಾರಿದ ಗುಂಡಿನಿಂದ ಆದವು. ಒಟ್ಟು 1,262. ಇವುಗಳಲ್ಲಿ 85% ಆದದ್ದು ಯಾವುದೋ ಒಂದು ಮನೆಯೊಳಗೆ. ಮಗುವಿನ ಸ್ವಂತ ಮನೆಯಲ್ಲಿ ಆದದ್ದು 56%. ಕಳೆದು ನೋಡಿ. ಸುಮಾರು 29% ಸಾವು ಬೇರೆಯವರ ಮನೆಯಲ್ಲಿ ಆಗಿವೆ. ಗೆಳೆಯರ ಮನೆ, ನೆಂಟರ ಮನೆ, ಪಕ್ಕದ ಮನೆ. ನಮ್ಮ ಮನೆಯಲ್ಲಿ ಗನ್ ಇಲ್ಲ, ನಮಗೇನು ಎನ್ನುವವರು ಈ ಅಂಕಿಯನ್ನು ನೆನಪಿಡಬೇಕು. ಹೇಗೆ ಇಟ್ಟಿದ್ದರು ಎಂದು ಗೊತ್ತಿದ್ದ ಕಡೆ ಸುಮಾರು ಮುಕ್ಕಾಲು ಪಾಲು ಗನ್‌ಗಳು ಲೋಡ್ ಆಗಿದ್ದವು, ಮುಕ್ಕಾಲು ಪಾಲಿಗೆ ಬೀಗ ಇರಲಿಲ್ಲ. ಮಕ್ಕಳಿಗೆ ಗನ್ ಜಾಸ್ತಿ ಸಿಕ್ಕಿದ್ದು ಹಾಸಿಗೆ ಪಕ್ಕದ ಮೇಜಿನಲ್ಲಿ, ಮಲಗುವ ಜಾಗದಲ್ಲಿ. ಮೂರರಲ್ಲಿ ಎರಡು ಸಾವು ಆದದ್ದು ಆಡುವಾಗ, ಇಲ್ಲವೇ ಒಬ್ಬರಿಗೊಬ್ಬರು ತೋರಿಸುವಾಗ.

ತೋರಿಸುವಾಗ. ಆ ಐದು ವರ್ಷದ ಹುಡುಗಿ ಮಾಡಿದ್ದು ಅದನ್ನೇ.

ಮೂರು ದಿನ ಬಿಟ್ಟು ಮತ್ತೆ ಹೋದೆ. ಈ ಸಲ ಗೇಟಿನ ಹೊರಗೇ ನಿಂತು ಹೇಳಿದೆ. "ಮೊನ್ನೆ ನಾನು ಕೇಳಿದ್ದು ತಪ್ಪಾಯ್ತು. ನಿಮ್ಮ ಗನ್ ಬಗ್ಗೆ ನನ್ನ ತಕರಾರಿಲ್ಲ. ಆದ್ರೆ ಹೇಳ್ಬೇಕಾಗಿದ್ದ ಮಾತು ಹೇಳ್ಲೇ ಇಲ್ಲ. ಮಕ್ಕಳಿಬ್ಬರೂ ಅದನ್ನ ಎತ್ತಿ ನೋಡಿದಾರೆ."

ಅವರು ಒಂದು ಕ್ಷಣ ಅರ್ಥವಾಗದವರಂತೆ ನೋಡಿದರು. "ಯಾವ ಮಕ್ಕಳು?" ಎಂದರು. ಹೊದಿಕೆ, ಕುರ್ಚಿ, ಪೆಟ್ಟಿಗೆ ಎಲ್ಲಾ ಹೇಳಿದೆ. "ಅವಳಿಗೆ ಅದು ಇರೋದೇ ಗೊತ್ತಿಲ್ಲ" ಎಂದರು, ಮೆಲ್ಲಗೆ, ತಮಗೇ ಹೇಳಿಕೊಂಡಂತೆ. ಆಮೇಲೆ ಒಳಗೆ ಹೋದರು. ತುಂಬಾ ಹೊತ್ತಾದ ಮೇಲೆ ಬಂದು "ಮ್ಯಾಗಜೀನ್ ತೆಗೆದೇ ಇಟ್ಟಿದ್ದೆ, ಚೇಂಬರ್ ಕೂಡ ಖಾಲಿ ಇದೆ" ಎಂದರು. ಚೇಂಬರ್ ಖಾಲಿ ಇದ್ದದ್ದು ಅವರ ಅದೃಷ್ಟ, ನಮ್ಮ ಅದೃಷ್ಟ. ಅಲ್ಲಿಯವರೆಗೆ ಅವರೂ ಅದನ್ನು ತೆಗೆದು ನೋಡಿರಲಿಲ್ಲವಂತೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಗನ್ ಬಗ್ಗೆ ಗೊತ್ತಿಲ್ಲದ ನಮ್ಮಂಥವರು ಮೋಸ ಹೋಗುವುದು ಇಲ್ಲೇ. ಈಗಿನ ಪಿಸ್ತೂಲುಗಳಲ್ಲಿ ಗುಂಡುಗಳು ಹಿಡಿಯೊಳಗೆ ಸೇರುವ ಮ್ಯಾಗಜೀನ್‌ನಲ್ಲಿ ಇರುತ್ತವೆ. ಅದನ್ನು ಹೊರಗೆಳೆದರೆ ಗನ್ ಖಾಲಿಯಾಯಿತು ಎನ್ನಿಸುತ್ತದೆ. ಆದರೆ ಅದಕ್ಕೂ ಮೊದಲೇ ಒಂದು ಗುಂಡು ನಳಿಗೆಯ ಬುಡದ ಚೇಂಬರ್‌ಗೆ ಏರಿದ್ದರೆ, ಅದು ಅಲ್ಲೇ ಕೂತಿರುತ್ತದೆ. ಮ್ಯಾಗಜೀನ್ ಇಲ್ಲದಿದ್ದರೂ ಬಹಳಷ್ಟು ಪಿಸ್ತೂಲುಗಳು ಆ ಒಂದನ್ನು ಹಾರಿಸುತ್ತವೆ. "ಖಾಲಿ ಅಂದುಕೊಂಡಿದ್ದೆ" ಎಂಬ ಮಾತು ಇಷ್ಟೊಂದು ಅಪಘಾತಗಳ ಹಿಂದೆ ಇರುವುದಕ್ಕೆ ಇದೊಂದು ಕಾರಣ. ಹಾಗಾಗಿ ಯಾರಾದರೂ "ಗುಂಡು ತೆಗೆದಿಟ್ಟಿದೀನಿ" ಎಂದರೆ, ಆ ಮಾತಿಗೆ ಬೀಗದ ಬೆಲೆ ಕೊಡಬೇಡಿ.

ಹಾಗಾದರೆ ಸರಿಯಾಗಿ ಇಡುವುದು ಎಂದರೇನು? 2005ರಲ್ಲಿ ಬಂದ ಒಂದು ಅಧ್ಯಯನ ನಾಲ್ಕು ಅಭ್ಯಾಸಗಳನ್ನು ನೋಡಿತು. ಗನ್‌ಗೆ ಬೀಗ ಹಾಕಿಡುವುದು, ಗುಂಡು ತೆಗೆದಿಡುವುದು, ಗುಂಡುಗಳಿಗೂ ಬೀಗ ಹಾಕುವುದು, ಗುಂಡುಗಳನ್ನು ಬೇರೆ ಜಾಗದಲ್ಲಿ ಇಡುವುದು. ನಾಲ್ಕರಲ್ಲಿ ಯಾವ ಒಂದು ಅಭ್ಯಾಸ ಇದ್ದ ಕಡೆಯೂ ಮಕ್ಕಳಿಗೆ, ಹದಿಹರೆಯದವರಿಗೆ ಅಪಾಯ ಕಡಿಮೆ ಇತ್ತು. ಆಕಸ್ಮಿಕ ಗುಂಡಿನ ಅಪಾಯವೂ, ಆತ್ಮಹತ್ಯೆ ಯತ್ನದ ಅಪಾಯವೂ. ನಾಲ್ಕೂ ಮಾಡಿದರೆ ಒಳ್ಳೆಯದು. ಒಂದೇ ಮಾಡಿದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಬೀಗಗಳಲ್ಲೂ ಬೇರೆ ಬೇರೆ ಇವೆ. ಟ್ರಿಗರ್ ಸುತ್ತ ಕೂರುವ ಲಾಕ್ ಒಂದು. ನಳಿಗೆ ಅಥವಾ ಚೇಂಬರ್ ಒಳಗಿಂದ ಹಾಯುವ ಉಕ್ಕಿನ ಕೇಬಲ್ ಲಾಕ್ ಇನ್ನೊಂದು. ಅದು ಸರಿಯಾಗಿ ಹಾಕಿದ್ದರೆ ಗನ್ ಲೋಡೇ ಆಗುವುದಿಲ್ಲ. ಕೋಡ್ ಒತ್ತಿದರೆ, ಬೆರಳಚ್ಚು ಕೊಟ್ಟರೆ ತೆರೆಯುವ ಸಣ್ಣ ಉಕ್ಕಿನ ಪೆಟ್ಟಿಗೆಗಳಿವೆ. ದೊಡ್ಡ ಕಬ್ಬಿಣದ ಕಪಾಟುಗಳಿವೆ. "ಕಳ್ಳ ಬಂದ್ರೆ ತಕ್ಷಣ ಬೇಕಲ್ಲ" ಎನ್ನುವವರಿಗೆ ಆ ಸಣ್ಣ ಪೆಟ್ಟಿಗೆ ಉತ್ತರ, ಕ್ಷಣಗಳಲ್ಲಿ ತೆರೆಯುತ್ತದೆ. ಗಾಜಿನ ಬಾಗಿಲಿನ ಅಲಂಕಾರದ ಕಪಾಟನ್ನು ನಾನು ಬೀಗ ಎಂದು ಒಪ್ಪುವುದಿಲ್ಲ. ಕೀಯನ್ನು ಅದೇ ಬೀರುವಿನ ಮೊಳೆಗೆ ನೇತುಹಾಕಿದ್ದರೂ ಅಷ್ಟೇ. ಇನ್ನು ಕೋಡ್ ಮಗಳ ಹುಟ್ಟಿದ ದಿನ ಆಗಿದ್ದರೆ, ಮಗಳಿಗೆ ಅದು ಬಾಯಿಪಾಠ.

ಮಕ್ಕಳಿಗೆ ಹೇಳಿಕೊಟ್ಟರೆ ಸಾಕಾಗುವುದಿಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಹೇಳಿಕೊಡಿ. ಕಂಡರೆ ನಿಲ್ಲು, ಮುಟ್ಟಬೇಡ, ಆ ಜಾಗ ಬಿಟ್ಟು ಹೋಗು, ದೊಡ್ಡವರಿಗೆ ಹೇಳು. ಈ ನಾಲ್ಕು ಮಾತು ಪ್ರತಿ ಮಗುವಿಗೂ ಬರಬೇಕು. ಆದರೆ 2004ರ ಒಂದು ಅಧ್ಯಯನದಲ್ಲಿ 4–5 ವರ್ಷದ ಮಕ್ಕಳಿಗೆ ಇದನ್ನೇ ಕಲಿಸಿ ನೋಡಿದರು. ಕೇಳಿದರೆ ಗಿಳಿಯಂತೆ ಒಪ್ಪಿಸಿದರು. ನಿಜವಾಗಿ ಎದುರಿಗೆ ಗನ್ ಸಿಕ್ಕಾಗ ಕಲಿತಂತೆ ನಡೆಯಲಿಲ್ಲ. ದೊಡ್ಡ ಮಕ್ಕಳಲ್ಲಿ ಸ್ವಲ್ಪ ಆಸೆ ಇದೆ. 2023ರ ಅಧ್ಯಯನವೊಂದರಲ್ಲಿ 8ರಿಂದ 12 ವರ್ಷದವರಿಗೆ ಒಂದು ನಿಮಿಷದ ವಿಡಿಯೊ ತೋರಿಸಿದ್ದರು. ಗನ್ ಎಚ್ಚರಿಕೆಯ ವಿಡಿಯೊ ನೋಡಿದವರಲ್ಲಿ ಸುಮಾರು 39% ಮಕ್ಕಳು ಗನ್ ಮುಟ್ಟಿದರು, ಬೇರೆ ವಿಡಿಯೊ ನೋಡಿದವರಲ್ಲಿ 67%. ಒಂದು ನಿಮಿಷಕ್ಕೆ ಇಷ್ಟು ಫಲ ಸಿಕ್ಕಿದ್ದು ದೊಡ್ಡದೇ. ಆದರೂ ನೋಡಿ ಕಲಿತವರಲ್ಲೇ ಐದರಲ್ಲಿ ಇಬ್ಬರು ಮುಟ್ಟಿದ್ದಾರೆ. ಆ ಇಬ್ಬರಲ್ಲಿ ನನ್ನ ಮಗ ಇಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ.

ಮಗುವಿಗೆ ಹೇಳಿಕೊಡುವುದಕ್ಕಿಂತ ದೊಡ್ಡದು, ಮಗು ಹೇಳಿದಾಗ ಬೈಯದಿರುವುದು. ನನ್ನ ಮಗ ಬಂದು ಹೇಳಿದಾಗ ನಾನು "ಯಾಕೆ ಮುಟ್ಟಿದೆ?" ಎಂದು ಕೂಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮುಂದಿನ ಸಲ ಅವನು ಆಣೆಯನ್ನು ಪೂರ್ತಿ ಪಾಲಿಸುತ್ತಿದ್ದ. ಪಕ್ಕದ ಮನೆಯವರ ಹತ್ತಿರ ನಾನು ಬೇಡಿಕೊಂಡದ್ದೂ ಇದೊಂದನ್ನೇ. "ದಯವಿಟ್ಟು ಅವಳಿಗೆ ಹೊಡೀಬೇಡಿ" ಎಂದೆ. ಹೊಡೆಯಲಿಲ್ಲ. ಆದರೆ ಅವಳು ನನ್ನ ಮಗನ ಜೊತೆ ಎರಡು ವಾರ ಮಾತು ಬಿಟ್ಟಳು. ಅವಳ ಕಡೆಯಿಂದ ನೋಡಿದರೆ ಸರಿಯೇ.

ಈಗ ಕೇಳುವ ವಿಧಾನಕ್ಕೆ ಬರುತ್ತೇನೆ. ನಾನು ಪೆಟ್ಟು ತಿಂದು ಕಲಿತದ್ದು. ಮಗು ಆ ಮನೆಗೆ ಹೋಗುವ ಮೊದಲೇ ಕೇಳಿ, ಏನೋ ಆದ ಮೇಲೆ ಅಲ್ಲ. ಒಂದೇ ಪ್ರಶ್ನೆಯಾಗಿ ಎಸೆಯಬೇಡಿ, ಬೇರೆ ಪ್ರಶ್ನೆಗಳ ನಡುವೆ ಇಡಿ. ಯಾರು ಮನೆಯಲ್ಲಿರುತ್ತಾರೆ, ನಾಯಿ ಇದೆಯಾ, ನೀರಿನ ತೊಟ್ಟಿ ಮುಚ್ಚಿರುತ್ತಾ, ಗನ್ ಇದ್ದರೆ ಬೀಗ ಹಾಕಿರುತ್ತೀರಾ. "ಇದ್ದರೆ" ಎಂಬ ಪದ ತುಂಬಾ ಕೆಲಸ ಮಾಡುತ್ತದೆ. ಇದೆಯೋ ಇಲ್ಲವೋ ಎಂಬ ಲೆಕ್ಕ ಒಪ್ಪಿಸಬೇಕಾಗಿಲ್ಲ, ಬೀಗದ ಬಗ್ಗೆ ಹೇಳಿದರೆ ಸಾಕು. ತಪ್ಪನ್ನು ನಿಮ್ಮ ಮಗುವಿನ ಮೇಲೆ ಹಾಕಿಕೊಳ್ಳಿ. "ನಮ್ಮವನು ಸುಮ್ನೆ ಇರೋನಲ್ಲ, ಎಲ್ಲಾ ಕಡೆ ಕೈ ಹಾಕ್ತಾನೆ" ಎಂದರೆ ಎದುರಿನವರಿಗೆ ನಗು ಬರುತ್ತದೆ, ಸಿಟ್ಟಲ್ಲ. ಇದು ಸುಳ್ಳೂ ಅಲ್ಲ. ನಮ್ಮಲ್ಲಿ ಏನೇನು ಅಪಾಯ ಇದೆ ಎಂದು ಮೊದಲು ನೀವೇ ಹೇಳಿಬಿಟ್ಟರೆ ಇನ್ನೂ ಸಲೀಸು.

ಈ ಪ್ರಶ್ನೆಯನ್ನು ಮಾಮೂಲಿ ಮಾಡಬೇಕು ಎಂದು ಅಮೆರಿಕದಲ್ಲಿ 2000ದಲ್ಲೇ ಒಂದು ಅಭಿಯಾನ ಶುರುವಾಯಿತು. ಮಗುವನ್ನು ಆಟಕ್ಕೆ ಕಳಿಸುವ ಮುಂಚೆ, ಆ ಮನೆಯಲ್ಲಿ ಬೀಗ ಹಾಕದ ಗನ್ ಇದೆಯೇ ಎಂದು ಕೇಳಿ ಎಂಬುದಷ್ಟೇ ಅದರ ಮಾತು. ಅಲ್ಲಿನ ಮಕ್ಕಳ ವೈದ್ಯರ ಸಂಘವೂ ಅದಕ್ಕೆ ಕೈಜೋಡಿಸಿತು. ತಮಾಷೆ ಎಂದರೆ, 2011ರಲ್ಲಿ ಫ್ಲೋರಿಡಾ ರಾಜ್ಯ ಡಾಕ್ಟರುಗಳು ರೋಗಿಗಳನ್ನು ಗನ್ ಬಗ್ಗೆ ಕೇಳುವುದಕ್ಕೇ ಕಡಿವಾಣ ಹಾಕುವ ಕಾನೂನು ತಂದಿತು. ಡಾಕ್ಟರುಗಳು ಕೋರ್ಟಿಗೆ ಹೋದರು. 2017ರಲ್ಲಿ ಮೇಲ್ಮನವಿ ಕೋರ್ಟು ಆ ಕಡಿವಾಣವನ್ನು ಕಿತ್ತುಹಾಕಿತು, ಮಾತನಾಡುವ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು. ಡಾಕ್ಟರುಗಳೇ ಕೋರ್ಟಿಗೆ ಹೋಗಿ ಉಳಿಸಿಕೊಂಡ ಪ್ರಶ್ನೆ ಇದು. ನಾವು ಗೇಟಿನಲ್ಲಿ ತಡವರಿಸುವುದು ಆಶ್ಚರ್ಯವಲ್ಲ ಬಿಡಿ. ಅದೇ ಫ್ಲೋರಿಡಾ 1989ರಲ್ಲಿ, ಮಗುವಿನ ಕೈಗೆ ಸಿಗುವಂತೆ ಗನ್ ಬಿಟ್ಟ ದೊಡ್ಡವರನ್ನು ಹೊಣೆ ಮಾಡುವ ಕಾನೂನನ್ನು ಆ ದೇಶದಲ್ಲೇ ಮೊದಲು ತಂದ ರಾಜ್ಯ ಕೂಡ.

ಬೇರೆ ದೇಶಗಳಲ್ಲಿ ಈ ಪ್ರಶ್ನೆಯನ್ನು ಸರ್ಕಾರವೇ ಕೇಳುತ್ತದೆ. ಬ್ರಿಟನ್ನಿನಲ್ಲಿ ಪರವಾನಗಿ ಕೊಡುವ ಮೊದಲು ಪೊಲೀಸರು ಮನೆಗೆ ಬಂದು ಗನ್ ಇಡುವ ಜಾಗ ನೋಡುತ್ತಾರೆ. ಜಪಾನಿನಲ್ಲಿ ಗನ್ ಒಂದು ಕಡೆ, ಗುಂಡು ಇನ್ನೊಂದು ಕಡೆ, ಎರಡಕ್ಕೂ ಬೀಗ, ವರ್ಷಕ್ಕೊಮ್ಮೆ ಪೊಲೀಸ್ ತಪಾಸಣೆ. ಅಲ್ಲೆಲ್ಲ ನೆರೆಯವರು ದಾಕ್ಷಿಣ್ಯ ಮಾಡಿಕೊಂಡರೂ ನಡೆಯುತ್ತದೆ.

ಉತ್ತರ ಸರಿ ಬರದಿದ್ದರೆ? "ನಿಮಗ್ಯಾಕೆ" ಎಂದರೆ, ನಕ್ಕು ಮಾತು ತೇಲಿಸಿದರೆ, ಅದೂ ಒಂದು ಉತ್ತರವೇ. ಜಗಳ ಬೇಡ. ಆಟ ನಿಮ್ಮ ಮನೆಗೆ, ಬಯಲಿಗೆ ಬರಲಿ. ಅವರ ಮಕ್ಕಳನ್ನು ಕರೆಯಿರಿ, ದಿನಾ ಕರೆಯಿರಿ. ನಿಮ್ಮ ಮನೆ ಗಲೀಜಾಗುತ್ತದೆ, ಆಗಲಿ. ನಮ್ಮ ಮನೆಯೂ ಒಂದು ವರ್ಷ ಹಾಗೇ ಇತ್ತು. ಪಕ್ಕದ ಮನೆಯವರೇನೋ ಲಾಕ್ ಇರುವ ಪೆಟ್ಟಿಗೆ ತಂದರು, ಗುಂಡುಗಳನ್ನು ಬೇರೆ ಕಡೆ ಇಟ್ಟರು, ನನ್ನನ್ನು ಕರೆದು ತೋರಿಸಿದರು ಕೂಡ. ಆದರೂ ನನಗೆ ಮಗನನ್ನು ಅಲ್ಲಿಗೆ ಕಳಿಸಲು ಮನಸ್ಸು ಬರಲಿಲ್ಲ. ಅವರಿಗೂ ಅದು ಗೊತ್ತಾಯಿತು. ಕೆಲವು ತಿಂಗಳು ನಮ್ಮ ನಡುವೆ ಮಾತು ಕಡಿಮೆಯಾಯಿತು. ಕೇಳಿದರೆ ಸಂಬಂಧ ಇನ್ನೂ ಗಟ್ಟಿಯಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ನನ್ನ ವಿಷಯದಲ್ಲಿ ಹಾಗಾಗಲಿಲ್ಲ. ಸ್ವಲ್ಪ ಕೆಟ್ಟಿತು, ಆಮೇಲೆ ನಿಧಾನಕ್ಕೆ ಸರಿಹೋಯಿತು.

ಮಕ್ಕಳು ದೊಡ್ಡವರಾದ ಮೇಲೆ ಈ ಚಿಂತೆ ಬಿಡಬಹುದು ಎಂದುಕೊಳ್ಳಬೇಡಿ. ಚಿಂತೆ ಬೇರೆ ರೂಪಕ್ಕೆ ತಿರುಗುತ್ತದೆ. ಹದಿನೈದು ವರ್ಷದವರಿಗೆ ಕುತೂಹಲಕ್ಕಿಂತ ನೋವು, ಅವಮಾನ, ಒಂದು ಕೆಟ್ಟ ರಾತ್ರಿ ಅಪಾಯ. ಅಂಥ ಗಳಿಗೆ ಬಹಳ ಸಲ ಬೇಗ ಕಳೆದುಹೋಗುತ್ತದೆ. ಗನ್ ಮಾತ್ರ ಎರಡನೇ ಅವಕಾಶ ಕೊಡುವುದು ತೀರಾ ಅಪರೂಪ. ಅಮೆರಿಕದ ಅಧ್ಯಯನಗಳ ಪ್ರಕಾರ ಈ ವಯಸ್ಸಿನವರ ಕೈಗೆ ಸಿಗುವುದು ಹೆಚ್ಚಾಗಿ ಮನೆಯವರದೇ ಗನ್. ಆ ವಯಸ್ಸಿಗೆ ಕೀ ಎಲ್ಲಿದೆ ಎಂದು ಗೊತ್ತಿರಬಾರದು, ಕೋಡ್ ಗೊತ್ತಿರಬಾರದು. ಮನೆಯಲ್ಲಿ ಯಾರಾದರೂ ಕುಗ್ಗಿ ಹೋಗಿದ್ದರೆ ಆ ದಿನಗಳ ಮಟ್ಟಿಗೆ ಗನ್ ಮನೆಯಿಂದಲೇ ಹೊರಗೆ ಇರಲಿ. ಎಲ್ಲಿ, ಹೇಗೆ ಇಡಬಹುದು ಎಂಬುದಕ್ಕೆ ಆಯಾ ಜಾಗದ ಕಾನೂನು ಕೇಳಿಕೊಳ್ಳಬೇಕು.

ನನ್ನ ಮಾತು ಇಷ್ಟು. ಇನ್ನು ಪ್ರಶ್ನೆಗಳು.

ಒಬ್ಬರು ಹಿರಿಯರು ಕೇಳಿದರು: "ಪಕ್ಕದ ಮನೆಯವರನ್ನ ಹೇಗೋ ಕೇಳ್ಬಹುದು. ಗನ್ ಇರೋದು ನನ್ನ ಅಣ್ಣನ ಮನೆಯಲ್ಲಿ. ಅಣ್ಣನ್ನ ಕೇಳೋದು ಹೇಗೆ?"

ಅಣ್ಣನನ್ನು ಕೇಳುವುದು ಕಷ್ಟ, ಒಪ್ಪುತ್ತೇನೆ. ಎದುರಿಗೆ ಕೂತು ಕೇಳಬೇಡಿ, ಹೋಗುವ ಹಿಂದಿನ ದಿನ ಫೋನಿನಲ್ಲಿ ಕೇಳಿ. ಅವರಿಗೂ ಸರಿ ಮಾಡಿಕೊಳ್ಳಲು ಒಂದು ರಾತ್ರಿ ಸಮಯ ಸಿಗುತ್ತದೆ. ಅಥವಾ ಅತ್ತಿಗೆಯನ್ನು ಕೇಳಿ. ಅವರಿಗೂ ಮನಸ್ಸಿನಲ್ಲಿ ಅದೇ ಚಿಂತೆ ಇದ್ದು, ಯಾರಾದರೂ ಬಾಯಿ ಬಿಡಲಿ ಎಂದು ಕಾಯುತ್ತಿರಬಹುದು.

"ಸೀದಾ ಪೊಲೀಸರಿಗೆ ಹೇಳೋದಲ್ವಾ?" ಎಂದು ಒಬ್ಬ ಯುವತಿ ಕೇಳಿದರು.

ಮಗುವಿನ ಕೈಯಲ್ಲಿ ಗನ್ ಕಂಡರೆ, ಯಾರಾದರೂ ಬೆದರಿಸಿದರೆ, ಕುಡಿದು ಗನ್ ಹಿಡಿದು ಓಡಾಡಿದರೆ ಯೋಚನೆಯೇ ಬೇಡ, ತಕ್ಷಣ ಹೇಳಿ. ಪರವಾನಗಿ ಬೇಕಾದ ಕಡೆ, ಎಷ್ಟು ಹೇಳಿದರೂ ಬೀಗ ಹಾಕದವರ ಬಗ್ಗೆ ಪರವಾನಗಿ ಕೊಟ್ಟ ಕಚೇರಿಗೆ ತಿಳಿಸಬಹುದು. ಬರೀ ಗನ್ ಇದೆ ಎಂಬ ಒಂದೇ ಕಾರಣಕ್ಕೆ ಹೋದರೆ, ಮುಂದೆ ಆ ಮನೆಯ ಬಾಗಿಲು ನಿಮಗೆ ತೆರೆಯುವುದಿಲ್ಲ. ಆ ಮನೆಯ ಮಕ್ಕಳನ್ನು ನೆನಪಿಟ್ಟುಕೊಂಡು ನಿರ್ಧರಿಸಿ.

ಕೊನೆಯಲ್ಲಿ, ಹಿಂದಿನ ಸಾಲಿನಲ್ಲಿ ಅಲ್ಲಿಯವರೆಗೆ ಕೈ ಕಟ್ಟಿ ಕೂತಿದ್ದವರೊಬ್ಬರು ಎದ್ದರು. "ನೀವು ಹೇಳಿದ ಪಕ್ಕದ ಮನೆಯವನು ನಾನೇ ಅಂತ ಇಟ್ಕೊಳ್ಳಿ" ಎಂದರು. ಸಭೆಯಲ್ಲಿ ಸ್ವಲ್ಪ ನಗು. "ನನ್ನ ಹತ್ರ ಗನ್ ಇದೆ. ಚಿಕ್ಕ ಮಕ್ಕಳಿಬ್ಬರಿದ್ದಾರೆ. ಅವರ ಫ್ರೆಂಡ್ಸ್ ಬರ್ತಾರೆ. ಇಷ್ಟು ವರ್ಷದಲ್ಲಿ ಒಬ್ರೂ ನನ್ನ ಕೇಳಿಲ್ಲ. ಕೇಳಿದ್ರೆ ನಾನು ಬೇಜಾರು ಮಾಡ್ಕೋತಿರ್ಲಿಲ್ಲ. ಕಪಾಟಿಗೆ ಬೀಗ ಇದೆ, ತೋರಿಸ್ತಿದ್ದೆ."

ನನಗೆ ತುಂಬಾ ಖುಷಿಯಾಯಿತು, ಹೇಳಿದೆ ಕೂಡ. ಆಮೇಲೆ, ಮಾತು ಮುಂದುವರಿಸಲೆಂದು, "ಕೀ ಎಲ್ಲಿಟ್ಟಿರ್ತೀರಿ?" ಎಂದು ಕೇಳಿದೆ.

"ಯಾವಾಗ್ಲೂ ನನ್ನ ಹತ್ರಾನೇ, ಗಾಡಿ ಕೀ ಜೊತೆ" ಎಂದು ಜೇಬಿಗೆ ಕೈ ಹಾಕಿದರು. ಇನ್ನೊಂದು ಜೇಬನ್ನೂ ಮುಟ್ಟಿ ನೋಡಿಕೊಂಡರು. ಅವತ್ತು ಅವರು ಗೆಳೆಯರ ಗಾಡಿಯಲ್ಲಿ ಬಂದಿದ್ದರಂತೆ.

"ಒಂದು ನಿಮಿಷ, ಮನೆಗೆ ಫೋನ್ ಮಾಡಿ ಬರ್ತೀನಿ" ಎಂದು ಹೊರಗೆ ಹೋದರು.